ಕೊಳಚೆ ನಿಂತರೂ ಕೆರೆ ತಿಳಿಯಾಗಲಿಲ್ಲ, ಯಾಕೆ?

ಪ್ರಶ್ನೆ: ಕೆರೆಗೆ ಬೀಳುತ್ತಿದ್ದ ಚರಂಡಿಯನ್ನು ಬೇರೆ ಕಡೆ ತಿರುಗಿಸಿ ಎರಡು ವರ್ಷವಾಯಿತು. ಆದರೂ ಬೇಸಿಗೆ ಬಂತೆಂದರೆ ನೀರಿನ ಮೇಲೆ ಹಸಿರು ಕೆನೆ ಕಟ್ಟುತ್ತದೆ. ಮಾಡಿದ್ದೆಲ್ಲ ದಂಡವೇ?

ಉತ್ತರ: ದಂಡವಲ್ಲ, ಆದರೆ ಕೆಲಸ ಅರ್ಧಕ್ಕೇ ನಿಂತಂತೆ ಕಾಣುತ್ತದೆ.

ಪಾಚಿಗೆ ಇಂಗಾಲ, ಸಾರಜನಕ, ರಂಜಕ ಮೂರೂ ಬೇಕು. ಸಿಹಿನೀರಿನಲ್ಲಿ ಹೆಚ್ಚಾಗಿ ಕೊರತೆ ಬೀಳುವುದು ರಂಜಕಕ್ಕೆ. 1973ರಲ್ಲಿ ಕೆನಡಾದ ವಿಜ್ಞಾನಿಗಳು 226ನೇ ಸಂಖ್ಯೆಯ ಪ್ರಾಯೋಗಿಕ ಸರೋವರದ ನಡುವೆ ಪರದೆ ಇಳಿಬಿಟ್ಟು, ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ, ಇನ್ನೊಂದಕ್ಕೆ ಅವೆರಡರ ಜತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಹಸಿರುಗಟ್ಟಿತು. ಮೇಲಿನಿಂದ ತೆಗೆದ ಫೋಟೊ ಒಂದೇ ಸಾಕಿತ್ತು ಒಪ್ಪಿಸಲು.

ಈ ರಂಜಕ ಸಾರಜನಕದ ಹಾಗೆ ಗಾಳಿಗೆ ಹೋಗುವುದಿಲ್ಲ. ವರ್ಷಗಟ್ಟಲೆ ಬಂದದ್ದು ಹೂಳಿನಲ್ಲಿ ಕೂತಿರುತ್ತದೆ, ಅದರಲ್ಲಿ ಒಂದು ಪಾಲು ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ. ಬೇಸಿಗೆಯ ಬಿಸಿಗೆ ತಳದಲ್ಲಿ ಕೊಳೆಯುವಿಕೆ ವೇಗ ಪಡೆದು ಅಲ್ಲಿನ ಆಮ್ಲಜನಕ ಖಾಲಿಯಾದರೆ, ಕಬ್ಬಿಣ ಹಿಡಿತ ಬಿಡುತ್ತದೆ. ಹಳೆಯ ರಂಜಕ ಮತ್ತೆ ನೀರಿಗೆ ಬಂತು! ಅಮೆರಿಕದ ಶಾಗಾವಾ ಸರೋವರದಲ್ಲಿ ಆದದ್ದು ಇದೇ: 1973ರಿಂದ ಊರಿನ ಕೊಳಚೆಯ ರಂಜಕವನ್ನು ತೆಗೆದುಹಾಕುತ್ತಿದ್ದರೂ ಹೂಳಿನಿಂದಾಗಿ ಚೇತರಿಕೆ ತಡವಾಯಿತು. ಅದೇ ದೇಶದ ವಾಷಿಂಗ್ಟನ್ ಸರೋವರ ಆಳವಾದದ್ದು; 1963ರಿಂದ 1968ರೊಳಗೆ ಕೊಳಚೆಯನ್ನು ತಿರುಗಿಸಿದ್ದೇ ತಡ, ಕೆಲವೇ ವರ್ಷಗಳಲ್ಲಿ ತಿಳಿಯಾಯಿತು. ಆಳವಿಲ್ಲದ ಕೆರೆಗೆ ಆ ಭಾಗ್ಯ ಕಡಿಮೆ.

ಹಾಗಾದರೆ ಹೂಳೆತ್ತೋಣವೇ? ತಡೆಯಿರಿ, ಮೊದಲು ಮೇಲ್ಗಡೆ ನೋಡಿ. ಚರಂಡಿ ನಿಂತರೂ ಜಲಾನಯನ ಪ್ರದೇಶದ ಮಣ್ಣು, ಗೊಬ್ಬರ, ಸಗಣಿ, ರಸ್ತೆಯ ಕೊಳೆ ಮಳೆಯೊಂದಿಗೆ ಬರುತ್ತಲೇ ಇರುತ್ತವೆ. ಜೋರು ಮಳೆಯಾದಾಗ ಕೆರೆಗೆ ಬಂದು ಸೇರುವ ಪ್ರತಿ ಹಳ್ಳದಿಂದಲೂ ಒಂದೊಂದು ಪಾರದರ್ಶಕ ಬಾಟಲಿ ನೀರು ಹಿಡಿದು, ಅಲುಗಿಸದೆ ರಾತ್ರಿಯಿಡೀ ಇಡಿ. ಯಾವ ಬಾಟಲಿಯ ತಳದಲ್ಲಿ ಮಣ್ಣು ಹೆಚ್ಚು ಕೂತಿದೆಯೋ ಆ ಹಳ್ಳದ ಗುಂಟ ಮೇಲಕ್ಕೆ ನಡೆಯಿರಿ: ಕುಸಿದ ದಂಡೆ, ಅಂಚಿನವರೆಗೂ ಉತ್ತ ಹೊಲ, ದನ ಇಳಿಯುವ ಜಾಗ, ಯಾವುದಾದರೊಂದು ಸಿಕ್ಕೇ ಸಿಗುತ್ತದೆ. ಅಲ್ಲಿ ದಂಡೆಗೆ ಹುಲ್ಲು, ಪೊದೆ, ಮರಗಳ ಪಟ್ಟಿ ಬೆಳೆಸುವುದು, ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಗೊಬ್ಬರ ಹಾಕುವುದು, ದನಗಳಿಗೆ ಬೇರೆ ಕಡೆ ನೀರಿನ ತೊಟ್ಟಿ ಕಟ್ಟುವುದು ಉಪಯೋಗಕ್ಕೆ ಬರುತ್ತವೆ. ಕರಗಿದ ರಂಜಕ ಮಾತ್ರ ಬಾಟಲಿಯಲ್ಲಿ ಕಾಣುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು.

ಕಾರಂಜಿ ಹಾಕಿಸುವವರೂ ಇದ್ದಾರೆ. ನೋಡಲು ಚೆಂದ; ತಳಕ್ಕೆ ಆಮ್ಲಜನಕ ಮುಟ್ಟದಿದ್ದರೆ ಹೂಳಿನ ರಂಜಕ ಹೊರಬರುವುದು ನಿಲ್ಲುವುದಿಲ್ಲ.

ಹೂಳೆತ್ತುವುದು ಕೊನೆಗೆ, ಅದೂ ಹೂಳನ್ನು ಪರೀಕ್ಷಿಸಿದ ನಂತರ. ಅಲ್ಲಿಯವರೆಗೆ 20 ಸೆಂಟಿಮೀಟರ್ ಅಗಲದ, ಕಪ್ಪು ಬಿಳುಪು ಬಳಿದ, ನೀರು ಎಷ್ಟು ತಿಳಿಯಾಗಿದೆಯೆಂದು ಅಳೆಯುವ ಸೆಕ್ಕಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಸಿ, ಅದು ಕಣ್ಮರೆಯಾಗುವ ಆಳವನ್ನು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ನಡುಹಗಲಿನಲ್ಲಿ ಬರೆದಿಡಿ. ಹಸಿರು ಕೆನೆ ಕಟ್ಟಿದಾಗ ಮಕ್ಕಳನ್ನೂ ದನಗಳನ್ನೂ ನೀರಿಗೆ ಬಿಡಬೇಡಿ, ಕೆಲವು ನೀಲಿಹಸಿರು ಪಾಚಿಗಳಲ್ಲಿ ವಿಷವಿರುತ್ತದೆ.