ಉಳ್ಳಾಲದ ಕಡಲ್ಕೊರೆತ: ಪೆಟ್ಟು ಯಾರಿಗೆ ಜಾಸ್ತಿ?

ಕೇಂದ್ರ ಸರ್ಕಾರದ 2022ರ ವಿಪತ್ತು ಪರಿಹಾರ ನಿಯಮದಲ್ಲಿ, ಬಯಲು ಪ್ರದೇಶದಲ್ಲಿ ಮನೆ ಪೂರ್ತಿ ಬಿದ್ದರೆ 1.20 ಲಕ್ಷ ರೂಪಾಯಿ. ಬಿದ್ದದ್ದು ಗುಡಿಸಲಾದರೆ 8 ಸಾವಿರ. ಪಕ್ಕಾ ಮನೆಗೆ ಭಾಗಶಃ ಹಾನಿಯಾದರೆ 6,500. ಅದೂ ಮನೆ ಅಧಿಕೃತ ಅಂತ ದೃಢಪಟ್ಟರೆ ಮಾತ್ರ. ಗೋಡೆ ಬಿರುಕು ಬಿಟ್ಟು ಒಳಗೆ ಮಲಗುವ ಧೈರ್ಯವೇ ಇಲ್ಲದಿದ್ದರೂ ಕಾಗದದಲ್ಲಿ ಅದು ‘ಭಾಗಶಃ’ ಆಗಬಹುದು.

ಮಂಗಳೂರಿನ ದಕ್ಷಿಣಕ್ಕೆ, ಉಳ್ಳಾಲದಿಂದ ಉಚ್ಚಿಲದವರೆಗಿನ ದಂಡೆಗೆ ಕೊರೆತ ಇಂದು ನಿನ್ನೆಯದಲ್ಲ. ನೇತ್ರಾವತಿ, ಫಲ್ಗುಣಿ ಕಡಲು ಸೇರುವ ಅಳಿವೆ ಬಾಗಿಲು ಹಿಂದಿನಿಂದಲೂ ಜಾಗ ಬದಲಿಸುತ್ತಿತ್ತು. ಹಳೆ ಬಂದರಿಗೆ ಬೋಟುಗಳು ಸಲೀಸಾಗಿ ಬರಲಿ ಅಂತ 1990ರ ದಶಕದಲ್ಲಿ ಅದರ ಎರಡೂ ಬದಿಗೆ ಕಡಲೊಳಗೆ ಚಾಚಿದ ಕಲ್ಲಿನ ತಡೆಗೋಡೆ, ಅಂದರೆ ಬ್ರೇಕ್‌ವಾಟರ್ ಕಟ್ಟಿದರು. ಬೋಟಿಗೇನೋ ಅನುಕೂಲವಾಯಿತು. ದಂಡೆಗುಂಟ ಸರಿದಾಡುವ ಮರಳಿಗೆ ಅಡ್ಡ ಬಿತ್ತು. ಹೊಳೆಯಿಂದ ಬರುವ ಮರಳಿಗೂ ಅಣೆಕಟ್ಟು, ಮರಳುಗಾರಿಕೆಯ ಕತ್ತರಿ. ಮರಳು ಕರಗಿದ ದಂಡೆಯನ್ನು ಜೂನ್ ತಿಂಗಳ ಅಲೆ ಸುಮ್ನೆ ಬಿಡುತ್ತದಾ?

ಮಳೆಗಾಲಕ್ಕೆ ಲಾರಿಯಲ್ಲಿ ಕಲ್ಲು ತಂದು ಸುರಿಯುವುದು ರೂಢಿಯಾಯಿತು. ಕಲ್ಲು ಮರಳಲ್ಲಿ ಹೂತು ಹೋಗುತ್ತದೆ, ಮತ್ತೆ ಟೆಂಡರ್. ಆಮೇಲೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ಅಲೆಯ ಜೋರು ತಗ್ಗಿಸುವ ನೀರಡಿಯ ಒಡ್ಡು (ರೀಫ್), ದಂಡೆಯಲ್ಲಿ ಕಲ್ಲಿನ ದಿಬ್ಬ (ಬರ್ಮ್) ಬಂದವು. ಅದಾದ ಮೇಲೆ ಕೊರೆತ ತೆಂಕಿಗೆ ಸರಿಯಿತು ಎಂಬುದು ಸೋಮೇಶ್ವರ, ಉಚ್ಚಿಲದವರ ದೂರು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಪೆಟ್ಟು ತಿಂದದ್ದೂ ಇದೇ ದಂಡೆ.

ಇನ್ನು ದುಡಿಮೆಯ ಲೆಕ್ಕ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಅಲೆ ಅಂಗಳಕ್ಕೆ ಬರುವುದೂ ಹೆಚ್ಚಾಗಿ ಅದೇ ಹೊತ್ತಲ್ಲಿ. ಬೋಟಿಗೆ ಹೋಗುವವನಿಗೆ ಆಗ ಪಾಲಿಲ್ಲ, ಮೀನು ಮಾರುವ ಹೆಂಗಸರ ಬುಟ್ಟಿಯೂ ಅರ್ಧ ಖಾಲಿ. ಸೊಸೈಟಿಯಲ್ಲಿ ಅಡವಿಟ್ಟ ಚಿನ್ನ ಬಿಡಿಸುವ ಮಾತೇ ಇಲ್ಲ. ಹಾಗಾಗಿ ಮನೆ ಉಳಿಯುವುದಿಲ್ಲ ಅಂತ ಗೊತ್ತಾದ ಕೂಡಲೇ ಮೊದಲು ಹಂಚು ಇಳಿಸುತ್ತಾರೆ. ಆಮೇಲೆ ಬಾಗಿಲು, ಕಿಟಕಿ, ದಾರಂದ (ಬಾಗಿಲ ಚೌಕಟ್ಟು) ಕೀಳುತ್ತಾರೆ. ಮುಂದಿನ ಮನೆಗೆ ಅಷ್ಟಾದರೂ ಆಗಲಿ ಅಂತ. ಕೈಯಲ್ಲಿ ಕಾಸಿದ್ದವರು ಅಷ್ಟರೊಳಗೆ ಕಡಲಿಂದ ಒಳಗಿರುವ ತೊಕ್ಕೊಟ್ಟಿನ ಕಡೆ ಫ್ಲಾಟ್ ನೋಡಿರುತ್ತಾರೆ. ಕಡಲು ಇಬ್ಬರಿಗೂ ಒಂದೇ, ಆದರೆ ಒಬ್ಬನಿಗೆ ಮಾತ್ರ ಹೊರಡುವ ದಿನ ಆರಿಸಿಕೊಳ್ಳುವ ಅವಕಾಶ.

ರಾಜ್ಯ ಸರ್ಕಾರ 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು. ದೊಡ್ಡ ಮೊತ್ತವೇ. ಆದರೆ ಅದು ಮನೆಯ ಲೆಕ್ಕ. ಇಲ್ಲಿ ಮನೆ ಮಾತ್ರ ಅಲ್ಲ, ಅಡಿಯ 5 ಸೆಂಟ್ಸ್ ಜಾಗವೂ ನೀರಿಗೆ ಹೋಗುತ್ತದೆ ಅಲ್ವಾ? ಮತ್ತೆ ಕಟ್ಟುವುದು ಎಲ್ಲಿ?

15ನೇ ಹಣಕಾಸು ಆಯೋಗ ಈ ಪ್ರಶ್ನೆಯನ್ನು ಎತ್ತಿಕೊಂಡಿತು. ನದಿ ಮತ್ತು ಕಡಲ ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 2021ರಿಂದ 2026ರ ಅವಧಿಗೆ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತು. ಇಡೀ ದೇಶಕ್ಕೆ. ನಿವೇಶನ ಸಿಕ್ಕರೂ ಅದು ಎಲ್ಲೋ ಒಳಗಿನ ಗುಡ್ಡದ ಮೇಲಾದರೆ ಬೆಳಗಿನ ಜಾವ ಬೋಟು ನಿಲ್ಲುವ ದಕ್ಕೆಗೆ ಹೋಗಲು ಬಸ್ಸಿಲ್ಲ. ರಿಕ್ಷಾ ಬಾಡಿಗೆ ಕೊಟ್ಟು ಉಳಿದದ್ದರಲ್ಲಿ ಮನೆ ನಡೆಯಬೇಕು.