ಗೋಲಿಗೆ ಎಷ್ಟು, ಟ್ಯಾಕಲ್‌ಗೆ ಎಷ್ಟು? ಫ್ಯಾಂಟಸಿ ಫುಟ್‌ಬಾಲಿನ ಹಳೆಯ ಜಗಳ

2025ರ ಆಗಸ್ಟಿನ ಒಂದು ರಾತ್ರಿ, ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಪರಿಚಯದವರ ಹೋಟೆಲಿನ ಶಟರ್ ಅರ್ಧ ಇಳಿದ ಮೇಲೆ, ಮಾಳಿಗೆಯಲ್ಲಿ ನಾವು ಎಂಟು ಮಂದಿ ಕೂತಿದ್ದೆವು. ನಡುವೆ ಒಂದು ಸ್ಟೀಲ್ ಲೋಟ, ಅದರಲ್ಲಿ ಎಂಟು ಚೀಟಿ. ಇಂಗ್ಲಿಷ್ ಪ್ರೀಮಿಯರ್ ಲೀಗಿನ ಆಟಗಾರರನ್ನು ಹಂಚಿಕೊಳ್ಳುವ ನಮ್ಮ ವರ್ಷದ ಡ್ರಾಫ್ಟ್ ಅದು. ತಲೆಗೆ ಹದಿನೈದರಂತೆ ಒಟ್ಟು 120 ಆಟಗಾರರು. ಒಬ್ಬರು ಕರೆದ ಹೆಸರನ್ನು ಇನ್ನೊಬ್ಬರು ಕರೆಯುವ ಹಾಗಿಲ್ಲ. ನಿಜವಾದ ಪಂದ್ಯಗಳಲ್ಲಿ ಅವರು ಆಡಿದ್ದಕ್ಕೆ ತಕ್ಕಂತೆ ನಮಗೆ ಬರುವ ಅಂಕಗಳನ್ನು ನಾವೇ ವಾರವಾರ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತೇವೆ.

ನನಗೆ ಬಂದದ್ದು ಎಂಟನೆಯ ಚೀಟಿ. "ಬೇಜಾರು ಮಾಡ್ಕೋಬೇಡಿ ಭಾವ, ಒಂಬತ್ತನೇದೂ ನಿಮ್ಮದೇ" ಅಂದರು ಪಕ್ಕದವರು. ಸರದಿ ಹಾವಿನಂತೆ ಹೊರಳುವುದರಿಂದ ಕೊನೆಯವನಿಗೆ 8 ಮತ್ತು 9, ಆಮೇಲೆ 24 ಮತ್ತು 25 ಸಿಗುತ್ತವೆ. ಮೊದಲನೆಯವನು 1 ಹಿಡಿದ ಮೇಲೆ 16ರವರೆಗೆ ಕಾಯಬೇಕು. ಒಂದನೇ ಚೀಟಿ ಬಂದಿದ್ದ ಹುಡುಗ ಬಾಂದ್ರಾದಲ್ಲಿ ಬ್ಯಾಂಕ್ ಕೆಲಸದವನು. ಮೊದಲು ಲಿವರ್‌ಪೂಲಿನ ಮೊಹಮದ್ ಸಲಾನನ್ನು ಕರೆದ. ಅದರಲ್ಲಿ ಯಾರಿಗೂ ತಕರಾರಿರಲಿಲ್ಲ. 33ನೆಯ ಸರದಿಗೆ ಚೆಲ್ಸಿ ಕ್ಲಬ್ಬಿನ ನಡುಸಾಲಿನ ಆಟಗಾರ ಮೊಯ್ಸೆಸ್ ಕೈಸೆಡೊನ ಹೆಸರು ಹೇಳಿದಾಗ ಮಾತ್ರ ನಮ್ಮಲ್ಲಿ ಹಿರಿಯರಾದವರು ಪೆನ್ನು ಕೆಳಗಿಟ್ಟರು. "ಅವನು ಹೋದ ವರ್ಷ ಹೊಡೆದದ್ದು ಒಂದೇ ಗೋಲು!" "ಅಣ್ಣ, ಈ ವರ್ಷ ಲೆಕ್ಕ ಬದಲಾಗಿದೆಯಲ್ಲ" ಎಂದ ಹುಡುಗ. ಅಲ್ಲಿಂದ ಮುಂದೆ ಮುಕ್ಕಾಲು ಗಂಟೆ ಯಾರೂ ಯಾರ ಹೆಸರನ್ನೂ ಕರೆಯಲಿಲ್ಲ.

ಈ ಜಗಳ ನಮ್ಮ ಮಾಳಿಗೆಯಲ್ಲಿ ಹುಟ್ಟಿದ್ದಲ್ಲ. ಇದರ ಬೇರು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿನಲ್ಲಿದೆ. ಓಕ್ಲಂಡ್ ರೈಡರ್ಸ್ ತಂಡದ ಪಾಲುದಾರರಲ್ಲಿ ಒಬ್ಬರಾಗಿದ್ದ ಬಿಲ್ ವಿಂಕೆನ್‌ಬಾಕ್, 1962ರಲ್ಲಿ ತಂಡದೊಂದಿಗೆ ಪ್ರವಾಸದಲ್ಲಿದ್ದಾಗ ನ್ಯೂಯಾರ್ಕಿನ ಹೋಟೆಲಿನಲ್ಲಿ ಕೂತು ಗೆಳೆಯರ ಜೊತೆ ಈ ಆಟದ ನಿಯಮ ಬರೆದರು. ಮರುವರ್ಷ ಆಗಸ್ಟಿನಲ್ಲಿ ಅವರ ಮನೆಯಲ್ಲೇ ಮೊದಲ ಡ್ರಾಫ್ಟ್ ನಡೆಯಿತು. ಅಲ್ಲೂ ಎಂಟೇ ತಂಡ. ಮೊದಲು ಕರೆದ ಹೆಸರು ಜಾರ್ಜ್ ಬ್ಲಾಂಡಾ. ಆತ ಚೆಂಡು ಎಸೆಯುತ್ತಿದ್ದ, ಒದೆಯುವ ಕೆಲಸವೂ ಅವನದೇ. ಚೆಂಡು ಹಿಡಿದು ಓಡುವುದರಲ್ಲಿ ಸಾಟಿಯಿಲ್ಲದ ಜಿಮ್ ಬ್ರೌನ್‌ನನ್ನು ಬಿಟ್ಟು ಬ್ಲಾಂಡಾನನ್ನು ಕರೆದಿದ್ದರು. ಆ ವರ್ಷ ಬ್ರೌನ್ ಓಡಿದ್ದು 1,863 ಯಾರ್ಡ್, ಅಂದಿಗೆ ಅದು ದಾಖಲೆ. ಆದರೆ ಅಂಕ ಸಿಗುತ್ತಿದ್ದದ್ದು ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವ ಟಚ್‌ಡೌನಿಗೆ, ಒದ್ದು ಗಳಿಸಿದ್ದಕ್ಕೆ. ಅಷ್ಟು ದೂರ ಓಡಿದ್ದಕ್ಕೆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

ಆ ಗುಂಪಿನಲ್ಲಿದ್ದ ಆಂಡಿ ಮೌಸಲಿಮಾಸ್ 1969ರಲ್ಲಿ ಓಕ್ಲಂಡಿನ ತಮ್ಮ ಕಿಂಗ್ಸ್ ಎಕ್ಸ್ ಬಾರಿನಲ್ಲಿ ಆಟವನ್ನು ಸಾರ್ವಜನಿಕರಿಗೆ ತೆರೆದರು. 1974ರಲ್ಲಿ ಅಲ್ಲೇ ಯಾರ್ಡಿಗೂ ಅಂಕ ಬಂತು. ಮುಂದೆ ಕ್ಯಾಚಿಗೊಂದು ಅಂಕ, ಕೆಲವು ಲೀಗುಗಳಲ್ಲಿ ಅರ್ಧ ಅಂಕ ಎಂಬ ಪದ್ಧತಿಯೂ ಬಂತು. ಡ್ರಾಫ್ಟಿನ ಮೊದಲ ಸುತ್ತುಗಳನ್ನೆಲ್ಲ ಓಟಗಾರರೇ ನುಂಗುತ್ತಿದ್ದಾಗ, ಚೆಂಡು ಹಿಡಿಯುವವರಿಗೂ ಬೆಲೆ ಬರಲಿ ಎಂಬುದು ಅದರ ಹಿಂದಿನ ಯೋಚನೆ.

ನಾವು ನೋಡುವ ಫುಟ್‌ಬಾಲಿನಲ್ಲಿ ಇದೇ ಕಷ್ಟ ಇನ್ನೂ ದೊಡ್ಡದು. ತೊಂಬತ್ತು ನಿಮಿಷದಲ್ಲಿ ಎರಡೋ ಮೂರೋ ಗೋಲು ಬೀಳುವ ಆಟದಲ್ಲಿ ಉಳಿದವರ ದುಡಿಮೆಯನ್ನು ಎಣಿಸುವುದು ಹೇಗೆ? ಇಟಲಿಯಲ್ಲಿ ರಿಕಾರ್ಡೊ ಅಲ್ಬೀನಿ 1988ರ ಸುಮಾರಿಗೆ ಫಾಂಟಕಾಲ್ಚೊ ಎಂಬ ಫ್ಯಾಂಟಸಿ ಆಟ ಕಟ್ಟಿದಾಗ ಆ ಎಣಿಕೆಯನ್ನು ಪತ್ರಿಕೆಯವರಿಗೇ ಒಪ್ಪಿಸಿದರು. ಅಲ್ಲಿನ ಕ್ರೀಡಾಪತ್ರಿಕೆಗಳು ಪ್ರತಿ ಆಟಗಾರನಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತವೆ, ಆರು ಬಂದರೆ ಪಾಸು. ಅದರ ಮೇಲೆ ಗೋಲಿಗೆ ಮೂರು ಕೂಡಿಸಿ, ಹಳದಿ ಕಾರ್ಡಿಗೆ ಅರ್ಧ ಕಳೆಯುತ್ತಾರೆ. ಆಟಗಾರರನ್ನು ಹಂಚುವುದು ಹರಾಜಿನಲ್ಲಿ. ಮುಂಬಯಿಯ ನಮ್ಮವರಿಗೆ ಚೀಟಿ ಫಂಡಿನ ಹರಾಜು ಗೊತ್ತು: ಆತುರ ಇದ್ದವನು ಎಷ್ಟು ಬಿಟ್ಟುಕೊಡುತ್ತಾನೆ ಎಂದು ಕಾಯುವವನೇ ಅಲ್ಲಿ ಗೆಲ್ಲುತ್ತಾನೆ. ಇಟಲಿಯ ಕ್ರಮ ನನಗೆ ತುಂಬ ಹಿಡಿಸುತ್ತದೆ. ಕಣ್ಣಿಟ್ಟು ನೋಡಿದ ಒಬ್ಬ ಮನುಷ್ಯನ ತೀರ್ಪಿಗೆ ಅಲ್ಲಿ ಜಾಗವಿದೆ.

ಇಂಗ್ಲೆಂಡಿನವರು ಎಣಿಕೆಯನ್ನೇ ನಂಬಿದರು. 2002ರಲ್ಲಿ ಶುರುವಾದ ಫ್ಯಾಂಟಸಿ ಪ್ರೀಮಿಯರ್ ಲೀಗಿನಲ್ಲಿ ಗೋಲು ಹೊಡೆದ ಮುಂದಿನ ಸಾಲಿನ ಸ್ಟ್ರೈಕರ್‌ಗೆ 4, ನಡುಸಾಲಿನ ಮಿಡ್‌ಫೀಲ್ಡರ್‌ಗೆ 5, ಹಿಂದಿನ ಸಾಲಿನ ಡಿಫೆಂಡರ್‌ಗೆ 6. ತಂಡ ಎದುರಾಳಿಗೆ ಗೋಲು ಬಿಟ್ಟುಕೊಡದಿದ್ದರೆ ಡಿಫೆಂಡರ್‌ಗೂ ಗೋಲ್‌ಕೀಪರ್‌ಗೂ 4. ನಮ್ಮ ಪುಸ್ತಕದ ಲೆಕ್ಕವೂ ಇದೇ. ಇಲ್ಲಿ ಯಾರನ್ನು ಯಾವ ಸಾಲಿನಲ್ಲಿ ಬರೆದಿದ್ದಾರೆ ಎಂಬುದೇ ಬೆಲೆ ಕಟ್ಟುತ್ತದೆ. ಸಲಾ 2024-25ರಲ್ಲಿ 344 ಅಂಕ ಗಳಿಸಿ ದಾಖಲೆ ಮಾಡಿದ. ಆಗ ಪಟ್ಟಿಯಲ್ಲಿ ಅವನು ಮಿಡ್‌ಫೀಲ್ಡರ್. ಸ್ಟ್ರೈಕರ್ ಎಂದು ಬರೆದಿದ್ದರೆ ಅವನ 29 ಗೋಲುಗಳಿಂದಲೇ 29 ಅಂಕ ಕಡಿಮೆಯಾಗುತ್ತಿತ್ತು.

ಇನ್ನೊಂದು ತುದಿಯಲ್ಲಿ ಆಗ ಚೆಲ್ಸಿಯ ಮಿಡ್‌ಫೀಲ್ಡರ್ ಆಗಿದ್ದ ಎನ್ಗೊಲೊ ಕಾಂಟೆ. 2016-17ರಲ್ಲಿ ಇಂಗ್ಲೆಂಡಿನ ವೃತ್ತಿ ಆಟಗಾರರೇ ಮತ ಹಾಕಿ ಅವನನ್ನು ವರ್ಷದ ಆಟಗಾರ ಎಂದು ಆರಿಸಿದರು. ಆ ಲೀಗಿನಲ್ಲಿ ಅವನ ಗೋಲು ಒಂದೇ ಒಂದು. ಚೆಂಡು ಕಸಿದದ್ದಕ್ಕೆ, ಅಂದರೆ ಟ್ಯಾಕಲ್‌ಗೆ, ಆಗ ನೇರ ಅಂಕವಿರಲಿಲ್ಲ. ಯಕ್ಷಗಾನದಲ್ಲಿ ಇಡೀ ರಾತ್ರಿ ಮದ್ದಳೆ ನುಡಿಸಿದವನ ಹೆಸರನ್ನೇ ಕರಪತ್ರದಲ್ಲಿ ಬಿಟ್ಟ ಹಾಗಾಯಿತು ಅದು. ಎದುರು ಆಡಿದ ಆಟಗಾರರಿಗೆ ಗೊತ್ತಿದ್ದ ಬೆಲೆ ಲೆಕ್ಕದ ಪುಸ್ತಕಕ್ಕೆ ಗೊತ್ತಿರಲಿಲ್ಲ.

ಫ್ಯಾಂಟಸಿ ಪ್ರೀಮಿಯರ್ ಲೀಗಿನಲ್ಲಿ ಅದು ಸರಿಯಾದದ್ದು 2025-26ರಲ್ಲಿ. ಒಂದು ಪಂದ್ಯದಲ್ಲಿ ಡಿಫೆಂಡರ್ ಎಲ್ಲ ಸೇರಿ ಹತ್ತು ಸಲ ಚೆಂಡು ದೂಡಿದರೆ, ತಡೆದರೆ, ಕಸಿದರೆ 2 ಅಂಕ. ಮಿಡ್‌ಫೀಲ್ಡರ್ ಮತ್ತು ಸ್ಟ್ರೈಕರ್‌ಗಳಿಗೆ ಹನ್ನೆರಡು ಬೇಕು. ಅವರಿಗೆ ಕೈತಪ್ಪಿದ ಚೆಂಡನ್ನು ಮರಳಿ ಪಡೆದದ್ದೂ ಸೇರುತ್ತದೆ. ಕೈಸೆಡೊನಂಥವನಿಗೆ ಬೆಲೆ ಬಂದದ್ದು ಹೀಗೆ.

ಡ್ರಾಫ್ಟಿನಲ್ಲಿ ಅಂಕದಷ್ಟೇ ಮುಖ್ಯವಾದದ್ದು ಅಭಾವ. ನಮ್ಮ ಎಂಟು ಮಂದಿಗೆ ತಲಾ ಇಬ್ಬರಂತೆ 16 ಗೋಲ್‌ಕೀಪರ್ ಸಾಕು. ಇಪ್ಪತ್ತು ಕ್ಲಬ್ಬಿನಲ್ಲಿ ಕಾಯಂ ಆಡುವವರು ಇಪ್ಪತ್ತು, ಎಲ್ಲರೂ ತೆಗೆದುಕೊಂಡ ಮೇಲೂ ನಾಲ್ವರು ಉಳಿಯುತ್ತಾರೆ. ಡಿಫೆಂಡರ್ 40 ಬೇಕು, ಕಾಯಂ ಆಡುವವರು ಸುಮಾರು 80. ಸ್ಟ್ರೈಕರ್ ಮಾತ್ರ 24 ಬೇಕು, ಹೆಚ್ಚಿನ ಕ್ಲಬ್ಬುಗಳು ಆಡಿಸುವುದೇ ಒಬ್ಬನನ್ನು. ಹಾಗಾಗಿ ಗೋಲಿಗೆ ನಾಲ್ಕೇ ಅಂಕವಾದರೂ ಸ್ಟ್ರೈಕರ್‌ಗಳನ್ನು ಬೇಗ ಹಿಡಿಯಬೇಕು, ಗೋಲ್‌ಕೀಪರ್‌ನನ್ನು ಕೊನೆಗೆ ಬಿಡಬಹುದು. ಯಾರು ಹೆಚ್ಚು ಗಳಿಸುತ್ತಾನೆ ಎಂದು ನೋಡಿದರೆ ಸಾಲದು. ಅವನು ಕೈತಪ್ಪಿದರೆ ಆ ಜಾಗಕ್ಕೆ ಸಿಗುವವನು ಎಷ್ಟು ಗಳಿಸುತ್ತಾನೆ ಎಂದೂ ನೋಡಬೇಕು. ಹೊಸ ನಿಯಮ ಈ ಲೆಕ್ಕವನ್ನು ಕಲಕಿತು. ವಾರವಾರ ಎರಡು ಅಂಕ ತರುವ ಡಿಫೆಂಡರ್‌ಗಳು ಕೆಲವರೇ ಇರುವುದರಿಂದ ಅವರೂ ಈಗ ಅಪರೂಪದ ಸರಕು.

ದುಡ್ಡಿನ ಮಾತನ್ನೂ ಹೇಳಬೇಕು. ಮುಂಬಯಿಯಿಂದ 2008ರಲ್ಲಿ ಹೊರಟ ಡ್ರೀಮ್11 ಈ ಆಟವನ್ನು ನಮ್ಮ ದೇಶದ ಮನೆಮನೆಗೆ ಮುಟ್ಟಿಸಿತು. ಇದು ಕೌಶಲದ ಆಟ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2017ರಲ್ಲಿ ಹೇಳಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ನಮ್ಮ ಪುಸ್ತಕದಲ್ಲಿ ಮೊದಲಿನಿಂದಲೂ ರೂಪಾಯಿಯ ಕಾಲಂ ಇಲ್ಲ. ಆದ್ದರಿಂದಲೇ ಅಂಕದ ಬಗ್ಗೆ ಇಷ್ಟು ಬಿಚ್ಚುಮನಸ್ಸಿನಿಂದ ಜಗಳವಾಡಲು ಆಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಆ ರಾತ್ರಿ ನಾನು ಹುಡುಗನ ಪರ ಮಾತಾಡಿದೆ. ಹೊಸ ಲೆಕ್ಕ ಡ್ರಾಫ್ಟಿಗೆ ಮುಂಚೆಯೇ ಹೊರಬಂದಿತ್ತು, ಎಲ್ಲರೂ ಓದಿದ್ದರು. ಅಣ್ಣನವರ ಮಾತಿನಲ್ಲೂ ಹುರುಳಿತ್ತು: "ಓದಿದ್ದೇವೆ ಸರಿ, ನಮ್ಮ ಪುಸ್ತಕದಲ್ಲಿ ಬರೆದಿಲ್ಲವಲ್ಲ." ಕೊನೆಗೆ ಪುಸ್ತಕದ ಮೊದಲ ಪುಟ ತೆರೆದು ಹತ್ತು, ಹನ್ನೆರಡರ ನಿಯಮ ಬರೆದೆವು. ಎಂಟು ಸಹಿ ಬಿತ್ತು, ಅಣ್ಣನವರದು ಕೊನೆಯದು. ಕೈಸೆಡೊ ಹುಡುಗನಿಗೇ ಉಳಿದ. 40ನೆಯ ಸರದಿ ನನ್ನದಾಗಿತ್ತು. ಎವರ್ಟನ್ನಿನ ಡಿಫೆಂಡರ್ ಟಾರ್ಕೊವ್ಸ್ಕಿಯ ಹೆಸರು ಹೇಳಿದೆ. ಅಣ್ಣನವರು ಪೆನ್ನು ಎತ್ತಿಕೊಂಡು ಬರೆದರು.