ಹುಣ್ಣಿಮೆಗೊಮ್ಮೆಯೂ ಅಲ್ಲ, ಜಾತ್ರೆಗೊಮ್ಮೆಯೂ ಅಲ್ಲ

ಕಲಬುರಗಿಯಲ್ಲಿ ಕೆಲಸದ ಸಂದರ್ಶನಕ್ಕೆ ಹೋಗುವವರಿಗೆ ಇಂಗ್ಲಿಷ್ ಕಲಿಸುವುದು ನನ್ನ ವೃತ್ತಿ. ಮೊನ್ನೆ ಅಣಕು ಸಂದರ್ಶನದಲ್ಲಿ ಜೇವರ್ಗಿ ಕಡೆಯ ಹುಡುಗನೊಬ್ಬನಿಗೆ, ದಿನಪತ್ರಿಕೆ ಓದುವ ಅಭ್ಯಾಸವಿದೆಯೇ ಎಂದು ಕೇಳಿದೆ. ‘ಒನ್ಸ್ ಇನ್ ಎ ಬ್ಲೂ ಮೂನ್, ಸರ್’ ಎಂದ, ಎದೆಯುಬ್ಬಿಸಿ. ಉಚ್ಚಾರಣೆ ಸರಿ, ವ್ಯಾಕರಣ ಸರಿ. ನಿಜವಾದ ಸಂದರ್ಶನವಾಗಿದ್ದರೆ ನೌಕರಿ ಮಾತ್ರ ಹೋಗುತ್ತಿತ್ತು. ಅವನ ನೋಟ್‌ಬುಕ್ ತೆರೆಸಿದೆ. ಎದುರಿಗೆ ಬರೆದುಕೊಂಡಿದ್ದ ಅರ್ಥ: ಆಗಾಗ.

ಆಗಾಗ ಅಲ್ಲ, ಆಗೊಮ್ಮೆ ಈಗೊಮ್ಮೆಯೂ ಅಲ್ಲ. ಅದಕ್ಕೆ ‘ಒನ್ಸ್ ಇನ್ ಎ ವೈಲ್’ ಇದೆ. ನೀಲಿ ಚಂದ್ರನೆಂದರೆ ತೀರಾ ಅಪರೂಪ, ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಷ್ಟು. ನಮ್ಮ ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಇದಕ್ಕೆ ಹತ್ತಿರದ್ದು. ಆದರೆ ನಮ್ಮ ಹುಣ್ಣಿಮೆ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ, ಇಂಗ್ಲಿಷರ ಚಂದ್ರ ಅದಕ್ಕಿಂತ ಜಿಪುಣ.

ಈಗ ಒಂದೇ ತಿಂಗಳಲ್ಲಿ ಬರುವ ಎರಡನೆಯ ಹುಣ್ಣಿಮೆಯನ್ನು ನೀಲಿ ಚಂದ್ರ ಎನ್ನುತ್ತಾರೆ. ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. 2023ರ ಆಗಸ್ಟ್‌ನಲ್ಲಿ ಹೀಗಾಗಿತ್ತು. ಮೂಲ ಲೆಕ್ಕ ನಮ್ಮ ಪಂಚಾಂಗದವರಿಗೆ ಹೊಸದಲ್ಲ: 19 ವರ್ಷಕ್ಕೆ ತಿಂಗಳು 228, ಹುಣ್ಣಿಮೆ 235. ಮಿಕ್ಕ ಏಳು ಹುಣ್ಣಿಮೆಗಳು ಅವರಲ್ಲಿ ನೀಲಿ ಚಂದ್ರನಾದವು, ನಮ್ಮಲ್ಲಿ ಅದೇ ಏಳು ಅಧಿಕ ಮಾಸಗಳಾದವು. ಇದನ್ನು ಹೇಳಿದ ದಿನ ತರಗತಿಯಲ್ಲಿ ಯಾರೂ ಮೊಬೈಲ್ ನೋಡಲಿಲ್ಲ. ಆದರೆ ನುಡಿಗಟ್ಟು ಹುಟ್ಟಿದ್ದೇ ಈ ಲೆಕ್ಕದಿಂದ ಎಂದು ಬರೆದುಕೊಳ್ಳಬೇಡಿ. ನುಡಿಗಟ್ಟು 19ನೇ ಶತಮಾನದ್ದು. ಎರಡನೆಯ ಹುಣ್ಣಿಮೆಯ ವ್ಯಾಖ್ಯೆ 1946ರಲ್ಲಿ ಅಮೆರಿಕದ ಖಗೋಳ ಪತ್ರಿಕೆಯೊಂದು ಅಲ್ಲಿನ ಪಂಚಾಂಗವೊಂದನ್ನು ತಪ್ಪಾಗಿ ಓದಿದ್ದರಿಂದ ಹುಟ್ಟಿದ್ದು.

ಬಳಕೆಯಲ್ಲಿ ಎಡವುವುದು ಇನ್ನೊಂದು ಕಡೆ. ಆಳಂದದ ಹುಡುಗಿಯೊಬ್ಬಳು, ಪುಣೆಯಲ್ಲಿ ದುಡಿಯುವ ಅಣ್ಣ ಶರಣಬಸವೇಶ್ವರ ಜಾತ್ರೆಗೆ ‘ಒನ್ಸ್ ಇನ್ ಎ ಬ್ಲೂ ಮೂನ್’ ಬರುತ್ತಾನೆ ಎಂದು ಬರೆದಿದ್ದಳು.

‘ಪ್ರತಿ ವರ್ಷ ಬರುತ್ತಾನೇನಮ್ಮ?’

‘ಹೌದು ಸರ್, ಒಂದು ವರ್ಷವೂ ತಪ್ಪಿಸಿಲ್ಲ.’

ಹಾಗಿದ್ದರೆ ಈ ಮಾತು ಅವನಿಗೆ ಹೊಂದುವುದಿಲ್ಲ. ಗೊತ್ತುಪಡಿಸಿದ ದಿನಕ್ಕೆ ಬರುವುದು ಎಷ್ಟೇ ವಿರಳವಾಗಿರಲಿ, ನೀಲಿ ಚಂದ್ರನಲ್ಲ. ಯಾವಾಗ ಬರುತ್ತದೋ ತಿಳಿಯದು ಎಂಬ ಬೇಸರವೋ ನಗುವೋ ಈ ಮಾತಿನೊಳಗೆ ಇರಬೇಕು. ಆದ್ದರಿಂದಲೇ ರಜೆ ಅರ್ಜಿಯಲ್ಲಿ, ಕಚೇರಿಯ ಪತ್ರದಲ್ಲಿ ಇದು ಒಪ್ಪುವುದಿಲ್ಲ, ಗೆಳೆಯರ ನಡುವೆ ಚೆನ್ನ.

ಹುಡುಗಿ ವಾಕ್ಯ ಹೊಡೆದು ಹಾಕಿ ಹೊಸದಾಗಿ ಬರೆದಳು: ಅಣ್ಣ ಜಾತ್ರೆಗೆ ತಪ್ಪದೆ ಬರುತ್ತಾನೆ, ಫೋನ್ ಮಾಡುವುದು ಮಾತ್ರ ‘ಒನ್ಸ್ ಇನ್ ಎ ಬ್ಲೂ ಮೂನ್’. ಪೂರ್ತಿ ಅಂಕ ಕೊಟ್ಟೆ.